ಜೇನಿಗೆ ಇಳಿಸಿದ ಡಿಗ್ರಿ ಕಡ್ಡಿ

ಹೋದ ವಾರ ಜೇನುತುಪ್ಪ ಕೊಳ್ಳಲು ಬಂಗಾರಪೇಟೆಯ ಬಜಾರು ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆ. ನನಗಿಂತ ಮೊದಲೇ ಬಂದಿದ್ದ ಹೆಂಗಸೊಬ್ಬಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ, "ಇದು ಚೊಕ್ಕ ಜೇನು ಅಂತ ಎಂಗಣ್ಣ ನಂಬೋದು?" ಎಂದಳು. ಅಂಗಡಿಯವನು ಆ ಪ್ರಶ್ನೆಗೇ ಕಾದಿದ್ದವನಂತೆ ಹತ್ತಿಯ ಬತ್ತಿ ಹೊಸೆದು, ಜೇನಿನಲ್ಲಿ ಅದ್ದಿ, ಬೆಂಕಿಕಡ್ಡಿ ಗೀರಿದ. ಬತ್ತಿ ಹತ್ತಿಕೊಂಡಿತು. ಮದ್ದಿನ ವಾಸನೆಯ ಹಿಂದೆಯೇ ಜೇನು ಸುಟ್ಟ ವಾಸನೆ ಮೂಗಿಗೆ ಬಡಿಯಿತು. "ನೋಡಮ್ಮ, ಕಲಬೆರಕೆ ಆಗಿದ್ರೆ ಚಟಚಟ ಅಂತಿತ್ತು" ಎಂದು ಅವನು ನಗುತ್ತಿದ್ದ. ಬಂದ ಕೆಲಸ ಬಿಟ್ಟು ಹೊರಗೆ ಬಂದು ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ... ಇಪ್ಪತ್ತು ವರ್ಷದ ಮೇಲಾಯಿತು. ಆ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣ ಮುಂದೆ ನಿಲ್ಲುವುದು ನಮ್ಮೂರಿನ ಜೇನಿನ ತಾತನ ಮುಖ.

ನಾನು ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಲೈನುಮನೆಯಲ್ಲಿ. ಗಣಿ ಮುಚ್ಚಿದ ಮರುವರ್ಷ ಮದುವೆಯಾಗಿ ಕಾಮಸಮುದ್ರದ ಕಡೆಯ ಒಂದು ಹಳ್ಳಿಗೆ ಬಂದೆ. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಎಂದು ಊರಿನ ಹಾಲಿನ ಡೈರಿಯಲ್ಲಿ ನನಗೆ ಟೆಸ್ಟರ್ ಕೆಲಸ ಸಿಕ್ಕಿತು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಜನ ಕ್ಯಾನು, ಚೊಂಬು ಹಿಡಿದು ಸಾಲು ನಿಲ್ಲುತ್ತಿದ್ದರು. ನಾನು ಪ್ರತಿಯೊಬ್ಬರ ಹಾಲನ್ನೂ ಒಂದು ಎತ್ತರದ ಜಾಡಿಗೆ ಸುರಿದು, ಅದರೊಳಗೆ ಲ್ಯಾಕ್ಟೋಮೀಟರ್ ಬಿಡುತ್ತಿದ್ದೆ. ಊರಿನವರು ಅದನ್ನು ಡಿಗ್ರಿ ಕಡ್ಡಿ ಎನ್ನುತ್ತಿದ್ದರು. ನೀರು ಬೆರೆತ ಹಾಲಿನಲ್ಲಿ ಕಡ್ಡಿ ಆಳಕ್ಕೆ ಇಳಿಯುತ್ತದೆ. ನೀರು ಬೆರೆಸಿದ್ದನ್ನು ಮುಚ್ಚಲು ಸಕ್ಕರೆ ಹಾಕುವ ಜಾಣರೂ ಇದ್ದರು, ಆಗ ಕಡ್ಡಿ ಮೇಲಕ್ಕೆ ತೇಲುತ್ತದೆ. ಎರಡನ್ನೂ ನಾನು ಹಿಡಿಯುತ್ತಿದ್ದೆ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ ನಮ್ಮ ಅತ್ತೆಯ ಹಾಲಿಗೆ ಡಿಗ್ರಿ ಬರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನಾನು ಚೊಂಬನ್ನು ಅತ್ತೆಯ ಕೈಗೇ ವಾಪಸ್ಸು ಕೊಟ್ಟೆ. ಮನೆಯಲ್ಲಿ ಹದಿನೈದು ದಿನ ನನ್ನ ಜತೆ ಮಾತಿಲ್ಲ ಕತೆಯಿಲ್ಲ. ಆದರೆ ಊರಿನಲ್ಲಿ ನನ್ನ ಹೆಸರು ಎಲ್ಲಿಗೋ ಏರಿಬಿಟ್ಟಿತು. ಅತ್ತೆಯನ್ನೇ ಬಿಡದವಳು ಇನ್ಯಾರನ್ನು ಬಿಟ್ಟಾಳು ಎಂದರು. ಟೆಸ್ಟರಮ್ಮ ಎಂದು ಕರೆಯತೊಡಗಿದರು. ಇಪ್ಪತ್ತೆರಡು ವರ್ಷದ ಹುಡುಗಿಗೆ ಅಷ್ಟು ಸಾಕಲ್ಲ, ತಲೆ ತಿರುಗಲಿಕ್ಕೆ. ನನಗೂ ತಿರುಗಿತು.

ಜೇನಿನ ತಾತ ಮತ್ತು ಅವರ ಹೆಂಡತಿ ಜೇನಿನಜ್ಜಿಯ ಮನೆ ನಮ್ಮ ಹಿತ್ತಲಿನ ಬೇಲಿಯಾಚೆಗೆ. ಇಬ್ಬರೇ ಇದ್ದರು. ತಾತ ಕಾಡಿನಂಚಿನಲ್ಲಿ ಜೇನು ಇಳಿಸಿ ತರುವುದು, ಅಜ್ಜಿ ಅದನ್ನು ಸೋಸಿ ಬಾಟಲಿಗೆ ತುಂಬುವುದು. ಅಜ್ಜಿ ಜೇನುಹುಟ್ಟನ್ನು ಕೈಯಲ್ಲಿ ಹಿಂಡುತ್ತಿರಲಿಲ್ಲ. ಬಿಳೀ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ತಾನಾಗಿ ತೊಟ್ಟಿಕ್ಕುವವರೆಗೆ ಅಲ್ಲಾಡದೆ ಕಾಯುತ್ತ ಕೂರುತ್ತಿದ್ದರು. ಇರುವೆ ಓಡಿಸುತ್ತ, ತೆಲುಗಿನಲ್ಲಿ ಅವುಗಳ ಜತೆಗೇ ಜಗಳವಾಡುತ್ತಿದ್ದರು. ಅಜ್ಜಿಯ ತವರು ಗಡಿಯಾಚೆಯ ಆಂಧ್ರದ ಹಳ್ಳಿ.

ತಾತ ಯಾರಿಗೂ ಸುಮ್ಮನೆ ಜೇನು ಕೊಡುತ್ತಿರಲಿಲ್ಲ. ಮೊದಲು ಕೊಳ್ಳುವವರ ಅಂಗೈಗೆ ಒಂದು ತೊಟ್ಟು ಬಿಟ್ಟು, "ತಿಂದು ಏಳು ತಲ್ಲೀ, ಯಾವ ಊವು?" ಎಂದು ಕೇಳುತ್ತಿದ್ದರು. ಹೆಣ್ಣುಮಕ್ಕಳನ್ನೆಲ್ಲ ಅವರು ಅಜ್ಜಿಯ ತೆಲುಗಿನಲ್ಲಿ ತಲ್ಲೀ, ಅಂದರೆ ತಾಯೀ, ಎಂದೇ ಕರೆಯುವುದು. ನಮಗೆಲ್ಲಿ ಗೊತ್ತಾಗಬೇಕು, ಸಿಹಿ ಎನ್ನುತ್ತಿದ್ದೆವು. "ಸಿಹಿ ಬೆಲ್ಲಾನೂ ಇರ್ತೈತೆ. ಕೊನೇಲಿ ಗಂಟ್ಲಾಗೆ ಒಂಚೂರು ಕಹಿ ನಿಲ್ತಾ? ಬೇವಿನೂವು ಅದು" ಎನ್ನುತ್ತಿದ್ದರು. ಹೊಂಗೆಯದು, ಹುಣಸೆಯದು, ನೀಲಗಿರಿಯದು ಎಂದು ಅವರು ನಾಲಗೆಯಲ್ಲೇ ಬೇರೆ ಬೇರೆ ಮಾಡುತ್ತಿದ್ದರು. ಅದೇ ಅವರ ಪರೀಕ್ಷೆ. ಬೇರೆ ಪರೀಕ್ಷೆ ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ವರ್ಷ ನನ್ನ ಗಂಡ ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರು. ಒಂದು ಸಂಜೆ ಸ್ಟೇಷನ್ ಹೊರಗೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ಜೇನು ಮಾರುತ್ತಿದ್ದವನ ಹತ್ತಿರ ಒಂದು ಬಾಟಲಿ ಕೊಂಡು ತಂದರು. ಬೋಗುಣಿಯ ಮೇಲೆ ಹುಟ್ಟು ತೇಲುತ್ತಿತ್ತಂತೆ, ನಾಲ್ಕು ಸತ್ತ ಹುಳವೂ ಇದ್ದವಂತೆ, ಇನ್ನೇನು ಬೇಕು ನಂಬಲಿಕ್ಕೆ! ಅತ್ತೆ ಶುಂಠಿ ರಸಕ್ಕೆ ಬೆರೆಸಿ ಕುಡಿದು, ಇದು ಬೆಲ್ಲದ ಪಾಕ ಕಣೋ ಎಂದರು. ಮರುದಿನ ರೈಲಿನಲ್ಲಿ ಯಾರೋ ನನ್ನ ಗಂಡನಿಗೆ ಉಪಾಯ ಹೇಳಿಕೊಟ್ಟರು. ನೀರಿಗೆ ಬಿಟ್ಟರೆ ಚೊಕ್ಕ ಜೇನು ಕರಗದೆ ತಳಕ್ಕೆ ಹೋಗಬೇಕು, ಬತ್ತಿಗೆ ಹಚ್ಚಿದರೆ ಚಟಗುಟ್ಟದೆ ಉರಿಯಬೇಕು. ನಾವು ಎರಡನ್ನೂ ಮಾಡಿ ನೋಡಿದೆವು. ಸ್ಟೇಷನ್ ಜೇನು ಎರಡರಲ್ಲೂ ಫೇಲಾಯಿತು. ನನಗೆ ಒಂದು ಹೊಸ ವಿದ್ಯೆ ಕೈಗೆ ಸಿಕ್ಕಂತಾಯಿತು. ನಾನು ಅದನ್ನು ಡೈರಿಯ ಸಾಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಊರಿನ ಈಶ್ವರನ ಗುಡಿಯ ಪೂಜಾರಿ ಸಂಜೆಯ ಹಾಲಿನ ಹೊತ್ತಿಗೆ ಡೈರಿಯ ಜಗಲಿ ಹತ್ತಿದರು. ಕೈಯಲ್ಲಿ ಒಂದು ಬಾಟಲಿ. ಕಾರ್ತೀಕದಲ್ಲಿ ತಾತ ಅಭಿಷೇಕಕ್ಕೆಂದು ಕೊಟ್ಟಿದ್ದ ಜೇನು ಅದು. ಪ್ರತಿ ವರ್ಷವೂ ದೇವರ ಪಾಲು ಅವರೇ ಕೊಡುತ್ತಿದ್ದದ್ದು. ಪೂಜಾರಿ ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ಬಾಟಲಿಯ ಮುಕ್ಕಾಲು ಭಾಗ ಬೆಳ್ಳಗೆ ಗಟ್ಟಿಯಾಗಿತ್ತು. ಮೇಲೆ ಮಾತ್ರ ತೆಳ್ಳನೆಯ ತಿಳಿ ನಿಂತಿತ್ತು.

"ದೇವ್ರಿಗೇ ಸಕ್ಕರೆ ಪಾಕ ಕೊಟ್ನಾ ಮುದುಕ?" ಎಂದು ಸಾಲಿನಲ್ಲಿ ಯಾರೋ ಅಂದರು. ಒಬ್ಬರು ಹೋಗಿ ತಾತನನ್ನು ಕರೆತಂದರು. ಗುಡಿಗೆ ಬಂದು ಕರ್ಪೂರ ಹಚ್ಚಿ ಆಣೆ ಮಾಡಲಿ ಎಂದು ಕೆಲವರು, ಆಣೆಗೆ ಹೆದರುವ ಕಾಲ ಹೋಯಿತು ಎಂದು ಕೆಲವರು. ತಾತ ಒಂದು ಗಳಿಗೆ ಬಾಟಲಿಯನ್ನೇ ನೋಡಿದರು. ಅವರ ಕೈ ಅದರ ಕಡೆಗೆ ಹೋಯಿತು. ಪೂಜಾರಿ ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡು, "ದೇವ್ರಿಗೆ ಎತ್ತಿಟ್ಟಿದ್ದು, ಎಂಜ್ಲು ಮಾಡಬ್ಯಾಡ" ಎಂದರು. ಸರಿಯೇ, ದೇವರ ಪಾಲನ್ನು ಯಾರು ತಾನೆ ನಾಲಗೆಗೆ ಮುಟ್ಟಿಸುತ್ತಾರೆ. ತಾತ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಟೆಸ್ಟರಮ್ಮ ನೋಡ್ಲಿ. ಅತ್ತೆ ಆಲನ್ನೇ ವಾಪಸ್ ಕಳ್ಸಿದ ಮಗು ಅದು. ಆಯಮ್ಮ ಏಳಿದ್ದೇ ಸರಿ."

ಎಲ್ಲರೂ ನನ್ನನ್ನೇ ನೋಡಿದರು. ಹಾಲಿನ ಕ್ಯಾನುಗಳನ್ನು ಹಾಗೆಯೇ ಬಿಟ್ಟು ಜನ ಮೇಜಿನ ಸುತ್ತ ಒತ್ತಿಕೊಂಡು ನಿಂತರು. ಒಂದು ಲೋಟದಲ್ಲಿ ನೀರು ತರಿಸಿದೆ. ಬಾಟಲಿಯ ಮೇಲಿನ ತಿಳಿಯನ್ನು ಒಂದು ಚಮಚ ಬಿಟ್ಟೆ. ತಳಕ್ಕೆ ಹೋಗುವ ಮೊದಲೇ ಹರಡಿಕೊಂಡು ನೀರಿನಲ್ಲಿ ಮಾಯವಾಯಿತು. ಬತ್ತಿ ಅದ್ದಿ ಕಡ್ಡಿ ಗೀರಿದೆ. ಹತ್ತಲಿಲ್ಲ. ಇನ್ನೊಂದು ಕಡ್ಡಿ ಗೀರಿದೆ. ಬತ್ತಿ ಚಟಚಟ ಎಂದು ಸಿಡಿಯಿತು. ಆ ಸಣ್ಣ ಸದ್ದು ಜಗಲಿಯ ಆಚೆ ತುದಿಯವರೆಗೂ ಕೇಳಿಸಿತು. ನಾನು ತಾತನ ಮುಖ ನೋಡಲಿಲ್ಲ.

"ಡಿಗ್ರಿ ಕಡ್ಡಿ ಆಕಮ್ಮ" ಎಂದರು ಡೈರಿಯ ಸೆಕ್ರೆಟ್ರಿ.

ಉಳಿದ ತಿಳಿಯನ್ನು ಜಾಡಿಗೆ ಸುರಿದು ಕಡ್ಡಿಯನ್ನು ಬಿಟ್ಟೆ. ಅದು ಇಳಿಯಲೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಹೊರಗೇ ನಿಂತು, ವಾಲಿ, ಜಾಡಿಯ ಗೋಡೆಗೆ ಒರಗಿಕೊಂಡಿತು. ನನ್ನ ತಲೆಯೊಳಗೆ ಟ್ರೈನಿಂಗಿನಲ್ಲಿ ಕಲಿತ ಪಾಠ ಎದ್ದು ಕೂತಿತು. ಕಡ್ಡಿ ಮೇಲೆ ತೇಲಿದರೆ ಸಕ್ಕರೆ. ಸುಳ್ಳು ಹೇಳಬಾರದು, ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಜೇನಿನಲ್ಲಿ ಈ ಕಡ್ಡಿ ಎಲ್ಲಿ ನಿಲ್ಲಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ ಎಂದು ಒಳಗಿನಿಂದ ಒಂದು ಮಾತು ಕೇಳಿಸಿತು. "ಇದು ನನಗೆ ಗೊತ್ತಿಲ್ಲ" ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಟೆಸ್ಟರಮ್ಮನಿಗೆ ಗೊತ್ತಿಲ್ಲ ಎಂದು ಹೇಗೆ ಹೇಳುವುದು?

"ಸಕ್ಕರೆ ಬೆರ್ತೈತೆ" ಎಂದೆ.

ಕೂಗಾಟ ಆಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಪೂಜಾರಿ ಮಾತ್ರ "ಶಿವ ಶಿವಾ" ಎಂದರು. ತಾತ ಜಾಡಿಯ ಹತ್ತಿರ ಬಂದು, ಬಗ್ಗಿ, ಒರಗಿಕೊಂಡಿದ್ದ ಕಡ್ಡಿಯನ್ನು ನೋಡಿದರು. ನನ್ನ ಮೇಲೆ ಅವರು ಎಗರಾಡಿದ್ದರೆ ನಾನೂ ಎಗರಾಡುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. "ನಾನ್ ಬೆರ್ಸಿಲ್ಲ ತಲ್ಲೀ" ಎಂದು ಮೆಲ್ಲಗೆ ಹೇಳಿ, "ನಾನ್ ಬೆರ್ಸಿಲ್ಲ" ಎಂದು ಇನ್ನೊಮ್ಮೆ ಹೇಳಿದರು. ಎರಡನೇ ಸಲ ಅವರು "ನಾನ್" ಎಂಬ ಮಾತನ್ನು ಒತ್ತಿ ಹೇಳಿದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಬೇಲಿಯಾಚೆಯಿಂದ ತಾತನ ದನಿ ಕೇಳಿಸಿತು. "ನಿಜ ಏಳೇ. ಬಾಟ್ಲಿಗೆ ಏನ್ ಬೆರ್ಸಿದೆ?" ಅಜ್ಜಿ ಮೊದಲು ನಕ್ಕರು, ತಮಾಷೆ ಎಂದುಕೊಂಡರೇನೋ. ತಾತ ಮತ್ತೆ ಕೇಳಿದರು. "ಇಳಿಸ್ದೋನು ನಾನು, ಸೋಸ್ದೋಳು ನೀನು. ಮಧ್ಯದಾಗೆ ಇನ್ಯಾರವ್ರೆ?" ಆಗ ಅಜ್ಜಿಯ ನಗು ನಿಂತಿತು. ನನ್ನ ಕೈ ಬೂದಿಯಲ್ಲಿ ಹಾಗೆಯೇ ನಿಂತಿತ್ತು. ನನ್ನ ಮಾತಿನ ಮೇಲೆ ಆ ಮನುಷ್ಯನಿಗೆ ನಲವತ್ತು ವರ್ಷ ಬಾಳಿದ ಹೆಂಡತಿಯ ಮೇಲಿದ್ದದ್ದಕ್ಕಿಂತ ಹೆಚ್ಚು ನಂಬಿಕೆ ಇತ್ತು. ಅದು ತಿಳಿದಾಗ ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು.

ಶಿವರಾತ್ರಿಯ ಹಿಂದಿನ ದಿನ ಅಜ್ಜಿ ಒಂದು ಕೈಚೀಲ ಹಿಡಿದು ಡೈರಿಯ ಮುಂದಿನ ಸ್ಟಾಪಿನಲ್ಲಿ ನಿಂತಿದ್ದರು. ಗಡಿಯ ಕಡೆಯ ಬಸ್ಸು ಬಂತು. ಹತ್ತುವಾಗ ಅವರು ಯಾರ ಕಡೆಗೂ ನೋಡಲಿಲ್ಲ. ತಾತ ಮನೆಯಿಂದ ಹೊರಗೇ ಬರಲಿಲ್ಲ. ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ ಡಿಗ್ರಿ ಬರೆಯುತ್ತಿದ್ದೆ.

ಯುಗಾದಿ ಕಳೆದ ಮೇಲೆ ಕೋಲಾರದಲ್ಲಿ ಟೆಸ್ಟರುಗಳಿಗೆ ಎರಡು ದಿನದ ಟ್ರೈನಿಂಗ್ ಇತ್ತು. ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ಪಾಠ ಮಾಡಿದ ಮೇಷ್ಟರ ಹತ್ತಿರ ಹೋಗಿ, ಯಾರದೋ ವಿಷಯ ಎಂಬಂತೆ ಕೇಳಿದೆ. ಅವರು ಜೋರಾಗಿ ನಕ್ಕರು. "ಜೇನಿಗೆ ಲ್ಯಾಕ್ಟೋಮೀಟರಾ? ಹಾಲಿಗಿಂತ ಜೇನು ಎಷ್ಟು ದಪ್ಪ ಗೊತ್ತೇನಮ್ಮ? ತೇಲದೆ ಇನ್ನೇನು ಮಾಡುತ್ತೆ?" ಎಂದರು. ಚೊಕ್ಕ ಜೇನೇ ಚಳಿಗೆ ಹರಳುಗಟ್ಟುತ್ತದೆ, ಕೆಲವು ಹೂವಿನದು ಬೇಗ ಗಟ್ಟಿಯಾಗುತ್ತದೆ, ಹಾಗಾದಾಗ ಮೇಲೆ ನಿಲ್ಲುವ ತಿಳಿಯಲ್ಲಿ ನೀರಿನ ಅಂಶ ಜಾಸ್ತಿ, ಅದು ಬತ್ತಿಯಲ್ಲಿ ಸಿಡಿಯುತ್ತದೆ, ನೀರಿನಲ್ಲಿ ಬೇಗ ಕರಗುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರೆ ಮತ್ತೆ ಜೇನಾಗುತ್ತದೆ. ಮನೆಯಲ್ಲಿ ಮಾಡುವ ಯಾವ ಪರೀಕ್ಷೆಯನ್ನೂ ನೆಚ್ಚಿಕೊಳ್ಳುವಂತಿಲ್ಲ, ಲ್ಯಾಬಿಗೇ ಕಳಿಸಬೇಕು. ಅವರು ಹೇಳುತ್ತ ಹೋದರು. ನನಗೆ ಊಟ ಸೇರಲಿಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹೌದು, ಹಾಗೂ ಯೋಚಿಸಿದೆ. ಬಂಗಾರಪೇಟೆಯಲ್ಲಿ ಬಸ್ಸು ಬದಲಿಸುವವರೆಗೂ ಅದೇ ತೀರ್ಮಾನದಲ್ಲಿದ್ದೆ. ಕಾಮಸಮುದ್ರ ಹತ್ತಿರ ಬಂದ ಹಾಗೆ ಅಜ್ಜಿಯ ಕೈಚೀಲ ಕಣ್ಣ ಮುಂದೆ ಬರತೊಡಗಿತು...

ಮರುದಿನ ಬೆಳಿಗ್ಗೆ ಸಾಲಿನ ಮುಂದೆ ನಿಂತು ಹೇಳಿದೆ. ತಪ್ಪು ನನ್ನದು, ತಾತನದು ಚೊಕ್ಕ ಜೇನು, ಅಜ್ಜಿ ಏನೂ ಬೆರೆಸಿಲ್ಲ ಎಂದೆ. ಬೈಯುತ್ತಾರೆ, ಕೆಲಸ ಹೋಗುತ್ತದೆ ಎಂದೆಲ್ಲ ಅಂದುಕೊಂಡಿದ್ದೆ. ಸಾಲಿನವರು "ಓ, ಅಂಗಾ" ಎಂದರು. ಸೆಕ್ರೆಟ್ರಿ, "ಓಗ್ಲಿ ಬಿಡಮ್ಮ, ಆಗಿದ್ದಾಯ್ತು. ಲೈನು ಮುಂದಕ್ಕೆ ಬಿಡು" ಎಂದರು. ಊರಿಗೆ ಅದು ಆಗಲೇ ಹಳೆಯ ಸುದ್ದಿಯಾಗಿತ್ತು.

ತಾತನಿಗೆ ಅದು ಹಳೆಯದಾಗಿರಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಗೋಡೆಗೆ ಒರಗಿ ಕೂತರು. "ನನ್ಗೆ ಏಳಿದ್ರೆ ಏನಾಯ್ತು ತಲ್ಲೀ, ಅವ್ಳಿಗೆ ಏಳ್ಬೇಕು" ಎಂದರು. ಅವತ್ತೇ ಇಬ್ಬರೂ ಬಸ್ಸು ಹತ್ತಿದೆವು. ತಾತ ಒಗೆದ ಪಂಚೆ ಉಟ್ಟಿದ್ದರು. ದಾರಿಯಲ್ಲಿ ಒಂದೇ ಮಾತು ಆಡಿದ್ದು. "ಬತ್ತಾಳೆ ಅಲ್ವಾ?" ಬರ್ತಾರೆ ತಾತ ಎಂದೆ. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆನೋ!

ಅಜ್ಜಿ ತಮ್ಮನ ಮನೆಯ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. "ರಾ ತಲ್ಲೀ" ಎಂದು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ತಾತ ಅಂಗಳದ ಬಾಗಿಲ ಹೊರಗೇ ನಿಂತರು, ಅವರನ್ನು ಅಜ್ಜಿ ಒಳಗೆ ಕರೆಯಲಿಲ್ಲ. ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ಕಾಲು ಹಿಡಿಯಲು ಬಗ್ಗಿದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ನೀನು ಸಣ್ಣೋಳು. ಕಲಿಸಿದ್ದನ್ನ ಏಳಿದೆ. ತಪ್ಪು ಅಂತ ಗೊತ್ತಾದ್ಮೇಲೆ ಇಷ್ಟು ದೂರ ಬಂದು ಅದನ್ನೂ ಏಳಿದೆ. ನಿನ್ ಮೇಲೆ ನಂಗೇನಿಲ್ಲ" ಎಂದರು. ಆಮೇಲೆ ದನಿ ಎತ್ತರಿಸಿ, ಬಾಗಿಲ ಕಡೆಗೆ ನೋಡದೆಯೇ ಹೇಳಿದರು. "ದೇವ್ರ ಬಾಟ್ಲಿ ನಾಲ್ಗೆಗೆ ಇಡಬಾರ್ದು, ಸರಿ. ಅದೇ ದಿನ ಸೋಸಿದ ಇನ್ನೊಂದು ಬಾಟ್ಲಿ ಮನೇಲಿ ನೆಲುವಿನ ಮೇಲೆ ಇತ್ತು. ನನ್ನನ್ನ ಕೇಳೋಕೆ ಮುಂಚೆ ಅದರಾಗೆ ಒಂದು ಬೆಳ್ಳು ಅದ್ದಿ ನೆಕ್ಕಿ ನೋಡಿದ್ನಾ ಆಯಪ್ಪ? ಕೇಳು."

ನಾನು ತಾತನ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿ ಹೆಗಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

"ಯಾವ ಊವು ಅಂತ ಊರಿಗೆಲ್ಲ ಏಳ್ತಿದ್ದೋನು" ಎಂದು ಅಜ್ಜಿ ಮತ್ತೆ ಕಡಲೆಕಾಯಿಗೆ ಕೈ ಹಾಕಿದರು. ನಮಗೆ ಊಟ ಹಾಕಿಸಿ, ಬಸ್ಸಿನ ಹೊತ್ತಿಗೆ ಸರಿಯಾಗಿ ಕಳಿಸಿಕೊಟ್ಟರು. ತಾತ ಊಟಕ್ಕೆ ಕೂತರು, ತಿನ್ನಲಿಲ್ಲ. ಬರಲಿಲ್ಲ ಅಜ್ಜಿ.

ತಾತ ಆಮೇಲೆ ನಾಲ್ಕು ವರ್ಷ ಇದ್ದರು. ಕಾಡಿನ ಕಡೆಗೆ ಹೋಗಲಿಲ್ಲ. ಅತ್ತೆ ಬೇಲಿಯ ಮೇಲಿಂದ ಆಗಾಗ ಮುದ್ದೆ, ಸಾರು ಕೊಡುತ್ತಿದ್ದರು. ತಾತ ನನ್ನನ್ನು ಕಂಡರೆ ಮೊದಲಿನ ಹಾಗೆಯೇ "ಏನ್ ಟೆಸ್ಟರಮ್ಮಾ" ಎನ್ನುತ್ತಿದ್ದರು. ಅವರ ಬಾಯಲ್ಲಿ ಆ ಹೆಸರು ಕೇಳಿದಾಗಲೆಲ್ಲ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಅವರು ಗಡಿಯ ಬಸ್ಸು ಹತ್ತಿ ಹೋಗುತ್ತಿದ್ದರು, ಅದೇ ದಿನ ವಾಪಸ್ಸು ಬರುತ್ತಿದ್ದರು. ಏನಾಯಿತು ಎಂದು ನಾನು ಕೇಳಲಿಲ್ಲ.

ಅವರು ತೀರಿಕೊಂಡ ಮೂರನೇ ದಿನ, ಹಾಲು-ತುಪ್ಪ ಬಿಡಲು ಅಜ್ಜಿ ಬಂದರು. ಮಣ್ಣು ಮಾಡಿದ ಜಾಗಕ್ಕೆ ನಾವು ಹತ್ತು ಹದಿನೈದು ಜನ ಹೋಗಿದ್ದೆವು. ಹಾಲನ್ನು ನಾನೇ ತಂದಿದ್ದೆ, ನಮ್ಮ ಮನೆಯ ಹಸುವಿನದು. ಅಜ್ಜಿಯ ಮುಂದೆ ಚೊಂಬು ಹಿಡಿದು ನಿಂತೆ. ಅವರು ಅದರೊಳಗೆ ನೋಡಲಿ, ಬೆರಳು ಅದ್ದಲಿ, ನೀರು ಬೆರೆಸಿದ್ದೀಯಾ ಎಂದು ಎಲ್ಲರ ಮುಂದೆ ಕೇಳಲಿ ಎಂದು ಕಾದೆ. ಕೇಳಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಅವರು ಕೇಳಲಿಲ್ಲ. ಚೊಂಬು ತೆಗೆದುಕೊಂಡವರೇ ಒಳಗೆ ಇಣುಕಿಯೂ ನೋಡದೆ ಗಂಡನ ತಲೆಯ ಕಡೆಯ ಮಣ್ಣಿಗೆ ಬಿಟ್ಟರು. ಯಾರೋ "ಹಸಿ ಆಲಾ, ಕಾಯ್ಸಿದ್ದಾ ನೋಡವ್ವಾ" ಎಂದರು. "ಈ ಮಗು ತಂದಿದ್ದು. ನೋಡೋದೇನೈತೆ?" ಎಂದರು ಅಜ್ಜಿ.

ಅಜ್ಜಿಯೂ ಹೋಗಿ ಈಗ ಎಷ್ಟೋ ವರ್ಷವಾಯಿತು. ಡೈರಿಯಲ್ಲಿ ಹಾಲು ಟೆಸ್ಟು ಮಾಡುವ ಮಿಷನ್ ಬಂತು, ನಾನು ಕೆಲಸ ಬಿಟ್ಟು ಬಂಗಾರಪೇಟೆಗೆ ಬಂದೆ. ಹೋದ ವಾರ ಬಜಾರಿನ ಮೆಟ್ಟಿಲ ಮೇಲೆ ಕೂತಾಗ ಬಿಸಿಲು ನೆತ್ತಿಗೆ ಏರುವವರೆಗೂ ನನಗೆ ಏಳಲಾಗಲಿಲ್ಲ. ಆಡಿದ ಮಾತು ನನ್ನದು. ಆ ಮಾತಿಗೆ ಗಡಿಯ ಈಚೆಗೊಬ್ಬರು ಆಚೆಗೊಬ್ಬರು, ಒಬ್ಬೊಬ್ಬರೇ ಉಂಡು, ಒಬ್ಬೊಬ್ಬರೇ ಮಲಗಿ, ಒಬ್ಬೊಬ್ಬರೇ ಸತ್ತರು. ನನಗೆ ಮಾತ್ರ ಯಾರೂ ಒಂದು ಮಾತು ಅನ್ನಲಿಲ್ಲ.